ಸಾಧುವಾಗಿಬಿಟ್ಟ ಪೆರಾಕ್ಸೈಡಿಗೊಂದು ಅಹವಾಲು

ಮಾನ್ಯ ಹೈಡ್ರೋಜನ್ ಪೆರಾಕ್ಸೈಡ್ ಅವರೇ,

ಪ್ರಯೋಗಾಲಯದ ಫ್ರಿಜ್ಜಿನಲ್ಲಿ, ಕಂದು ಬಾಟಲಿಯೊಳಗೆ ತಣ್ಣಗೆ ಬಾಳುತ್ತಿರುವ ತಮಗೆ, ಅದೇ ಫ್ರಿಜ್ಜಿನ ಬಾಗಿಲನ್ನು ದಿನವಿಡೀ ತೆಗೆದು ಮುಚ್ಚುವ ಸಂಶೋಧನಾ ವಿದ್ಯಾರ್ಥಿನಿಯ ಸವಿನಯ ವಂದನೆಗಳು. ತಮ್ಮ ಒಳ್ಳೆಯತನದ ಮೇಲೆ ದೂರು ಕೊಡಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ಅಮೈನೋ ಆಮ್ಲಗಳು ಮೂತ್ರದ ಪಾಲಾಗದಂತೆ ತಡೆದು ಒಳಗೆಳೆದುಕೊಳ್ಳುವುದು ಮೂತ್ರಪಿಂಡದ ಜೀವಕೋಶಗಳ ಕೆಲಸ. ಅದಕ್ಕೆ ಕಲ್ಲು ಹಾಕುವುದು ಉತ್ಕರ್ಷಣಕಾರಿಗಳ ಕುಲದಲ್ಲಿ ಹುಟ್ಟಿದ ತಮ್ಮ ಕೆಲಸ. ಎಷ್ಟು ಕೆಟ್ಟಿತೆಂದು ಅಳೆದು ಪ್ರಬಂಧ ಬರೆಯುವುದು ನನ್ನ ಕೆಲಸ. ಆದರೆ ಇಲಿಯ ಮೂತ್ರಪಿಂಡದ ತೆಳು ಚೂರುಗಳನ್ನು ತಮ್ಮ ವಶಕ್ಕೊಪ್ಪಿಸಿದಾಗ, ಅವು ಅಜ್ಜಿಯ ಮನೆಗೆ ಬಂದ ಮೊಮ್ಮಕ್ಕಳಂತೆ ಅಮೈನೋ ಆಮ್ಲವನ್ನು ಹೊಟ್ಟೆ ಬಿರಿಯ ಬಾರಿಸಿದವು. ತಮ್ಮಿಂದ ಅವುಗಳ ಕೂದಲೂ ಕೊಂಕಲಿಲ್ಲ. ನನಗೆ ಮಾರ್ಗದರ್ಶಕರಾದ ಮೇಷ್ಟ್ರಂತೂ "ಯಾವುದಕ್ಕೂ ಜಗ್ಗದ ಕಿಡ್ನಿ ಕಣಮ್ಮ ಇದು, ಲೋಕ ನೋಡ್ಲಿ" ಎಂದವರೇ ಮುಂದಿನ ವಾರದ ವಿಚಾರ ಸಂಕಿರಣಕ್ಕೆ ಭಾಷಣಕಾರರಾಗಿ ಅವರದೇ ಹೆಸರು ಕೊಟ್ಟುಬಿಟ್ಟರು.

ತಮ್ಮ ಸಾಧುತನದ ಮೂಲ ನಿನ್ನೆ ಚಹಾದ ಹೊತ್ತಿಗೆ ತಿಳಿಯಿತು. ವಿಭಾಗದ ಗ್ರೂಪ್ ಫೋಟೋಕ್ಕೆ ಮುಂಚೆ, ಪ್ರಯೋಗಾಲಯದ ಬಿಳಿ ಕೋಟಿನ ಮೇಲಿನ ಶಾಯಿ ಕಲೆ ತೆಗೆಯಲೆಂದು ಮೇಷ್ಟ್ರು ತಮ್ಮನ್ನು ಹೆಚ್ಚುಕಡಿಮೆ ಪೂರ್ತಿ ಸುರಿದುಕೊಂಡಿದ್ದರಂತೆ. "ಖಾಲಿ ಬಾಟ್ಲಿ ಇಟ್ರೆ ಚೆನ್ನಾಗಿರಲ್ಲ ಅಂತ ತುಂಬಿಸಿಟ್ಟೆ. ನಲ್ಲಿ ನೀರಲ್ಲ, ಡಿಸ್ಟಿಲ್ಡ್ ವಾಟರ್ರೇ" ಎಂದು ಅಭಿಮಾನದಿಂದ ಹೇಳಿಕೊಂಡರು. ಕೋಟಿಗೆ ತಾವು ಕೊಟ್ಟ ಬಿಳುಪು ಎಂಥದ್ದೆಂದರೆ, ಫೋಟೋದಲ್ಲಿ ಮೇಷ್ಟ್ರಿಗಿಂತ ಮೊದಲು ಕೋಟೇ ಕಣ್ಣಿಗೆ ಬೀಳುತ್ತದೆ. ಆ ಪರಾಕ್ರಮದಲ್ಲಿ ಕಾಲು ಪಾಲನ್ನಾದರೂ ನನ್ನ ಚೂರುಗಳಿಗೆ ಉಳಿಸಬಾರದಿತ್ತೇ?

ಇವತ್ತು ಹೊಸ ಬಾಟಲಿ ತೆರೆದು ಪ್ರಯೋಗ ಮತ್ತೆ ಮಾಡಿದೆ. ಚೂರುಗಳು ಒಳಗೆಳೆದುಕೊಂಡ ಅಮೈನೋ ಆಮ್ಲ ಅರ್ಧಕ್ಕರ್ಧ ಇಳಿಯಿತು. ಈಗ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನನ್ನ ಪ್ರಬಂಧಕ್ಕೆ ಬೇಕಾದ ಸಹಿ ಮೇಷ್ಟ್ರ ಕೈಯಲ್ಲಿದೆ, ನನಗೆ ನಿಜಕ್ಕೂ ಭಯವಾಗುತ್ತಿದೆ. ಆದ್ದರಿಂದ ತಾವು ದಯಮಾಡಿ ಕೋಟಿನಿಂದೆದ್ದು ಬಂದು ಬಾಟಲಿ ಸೇರಬೇಕು. ಅದಾಗದಿದ್ದರೆ ಮೇಷ್ಟ್ರ ಕೋಣೆಗೆ ಖುದ್ದಾಗಿ ಹೋಗಿ, ನೊರೆಯುಕ್ಕಿಸಿಯಾದರೂ ನಡೆದದ್ದನ್ನು ಅರಿಕೆ ಮಾಡಿಕೊಳ್ಳಬೇಕೆಂದು ಕೋರುತ್ತೇನೆ.

ತಮ್ಮ ಕೆಡುಕನ್ನೇ ನಂಬಿ ಕುಳಿತಿರುವ,
ತಮ್ಮ ವಿಶ್ವಾಸಿ,
ಮೂತ್ರಪಿಂಡದ ಚೂರುಗಳ ಹುಡುಗಿ

ವಿ.ಸೂ.: ತಾವು ಕದಲದ ಕಾರಣ ನಾನೇ ಹೋಗಿ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ತಪ್ಪು ನಂದು, ಸಭೇಲಿ ನಾನೇ ಹೇಳ್ತೀನಿ. ಸರಿಯಾದ ಫಲಿತಾಂಶ ನಿಂದು, ಅದನ್ನ ನೀನು ಹೇಳು" ಎಂದರು. ಹಾಗಾಗಿ ಮುಂದಿನ ವಾರ ವೇದಿಕೆ ಹತ್ತುವವಳು ನಾನು. ಅಷ್ಟರೊಳಗೆ ಪ್ರಯೋಗವನ್ನು ಇನ್ನೆರಡು ಸಲ ಮಾಡಬೇಕಿದ್ದು, ನಾಲ್ಕು ಜನರ ಮುಂದೆ ನನ್ನ ಮಾನ ಹೊಸ ಬಾಟಲಿಯಲ್ಲಿರುವ ತಮ್ಮ ಸೋದರರ ಕೆಟ್ಟತನದ ಮೇಲೆ ನಿಂತಿದೆ. ಅವರಿಗೆ ತಾವು ಸನ್ನಡತೆ ಕಲಿಸದಿದ್ದರೆ ಸಾಕು.