ಸುಮ್ಮನಿರಬೇಕಾದ ಪೆಟ್ಟಿಗೆ

ಬುದ್ಧಿ ಇಲ್ಲದವನು ಎನ್ನಿಸಿಕೊಂಡರೂ ಸಹಿಸಬಹುದು, ಕಿವಿ ಇಲ್ಲದವನು ಎನ್ನಿಸಿಕೊಳ್ಳುವುದು ಕಷ್ಟ. ಬುದ್ಧಿಯ ವಿಷಯದಲ್ಲಿ ಮನುಷ್ಯ ಹೇಗೋ ಸಮಾಧಾನ ಮಾಡಿಕೊಳ್ಳುತ್ತಾನೆ. ಕಚೇರಿಯಲ್ಲಿ ತನಗಿಂತ ಕಡಿಮೆಯವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಸಂಗೀತದ ಕಿವಿ ಹಾಗಲ್ಲ. ನನಗೆ ಅದು ಇಲ್ಲವೆಂದು ಪತ್ತೆ ಹಚ್ಚಿದವರು ನನ್ನ ಮಾವನವರು. ಮುಂಡಗೋಡದಲ್ಲಿ ಅವರದು ಬಟ್ಟೆ ಅಂಗಡಿ. ಗಿರಾಕಿ ಇಲ್ಲದಾಗ ಗೋಡೆಗೆ ಒರಗಿ ಕಣ್ಣು ಮುಚ್ಚಿ ವಚನ ಹಾಡುವವರು. ಮದುವೆಯಾದ ಹೊಸತರಲ್ಲಿ ಅವರು ಭೈರವಿ ರಾಗದಲ್ಲಿ ಹಾಡಿದ್ದನ್ನು ನಾನು ತಲೆದೂಗಿ, ಭೂಪ ರಾಗ ಬಹಳ ಚೆನ್ನಾಗಿತ್ತು ಎಂದು ಹೊಗಳಿಬಿಟ್ಟೆ. ಅಂದಿನಿಂದ ಅವರು ನನ್ನೊಡನೆ ಸಂಗೀತದ ಮಾತೆತ್ತಲಿಲ್ಲ.

ಹೀಗಿರುವಾಗ ಅವರಿಗೆ ಧಾರವಾಡ ರೇಡಿಯೋದಲ್ಲಿ ಬೆಳಿಗ್ಗೆ ಹತ್ತು ನಿಮಿಷ ಹಾಡುವ ಅವಕಾಶ ಬಂತು. ಅರವತ್ತು ದಾಟಿದ ಮೇಲೆ ಮೊದಲನೆಯದು, ಬಹುಶಃ ಕೊನೆಯದೂ. ಹಾಡಿ ಮುಗಿಸಿ ನೇರ ದಾಂಡೇಲಿಗೆ, ಬಂಗೂರನಗರದ ನಮ್ಮ ಕ್ವಾರ್ಟರ್ಸಿಗೇ ಬರುತ್ತೇನೆಂದು ಕಾಗದ ಬರೆದರು. ಏಕೆಂದರೆ ನಮ್ಮಲ್ಲಿ ರೇಡಿಯೋ ಇತ್ತು. ತಮ್ಮ ದನಿ ಹೇಗೆ ಕೇಳಿಸಿತೆಂದು ಮಗಳ ಬಾಯಿಂದ ತಿಳಿಯುವ ಆಸೆ ಅವರಿಗೆ. ಆದರೆ ಆ ರೇಡಿಯೋದಲ್ಲಿ ಯಾರು ಹಾಡಿದರೂ ಡಬ್ಬಿಯಲ್ಲಿ ಸಿಕ್ಕಿಬಿದ್ದ ನೊಣದಂತೆ ಕೇಳುತ್ತಿತ್ತು. ಅಪ್ಪನ ದನಿಯನ್ನು ಇದರಲ್ಲಿ ಕೇಳುವುದಕ್ಕಿಂತ ಕೇಳದಿರುವುದೇ ಮೇಲು ಎಂದು ಹೆಂಡತಿ ನೀಲವ್ವ ಮುಖ ಸಣ್ಣದು ಮಾಡಿಕೊಂಡಳು. ನಾನಿದ್ದೇನಲ್ಲ ಎಂದೆ. ಹಾಗೆಂದಾಗಲೆಲ್ಲ ಅವಳಿಗೆ ಇನ್ನಷ್ಟು ಚಿಂತೆ ಹತ್ತುತ್ತದೆ.

ಕಾಗದದ ಗಿರಣಿಯ ಕಚೇರಿಯಲ್ಲಿ ನಾನು ಗುಮಾಸ್ತ. ಯಂತ್ರ ಜೋಡಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ನನಗೆ ಒಂದು ಲೌಡ್‌ಸ್ಪೀಕರು ಕೊಟ್ಟು ಹೋಗಿದ್ದರು. ಪೆಟ್ಟಿಗೆಯಿಲ್ಲ, ಬರೀ ಒಂದು ಕಾಗದದ ಬುಟ್ಟಿ, ಅದರ ಬೆನ್ನಿಗೆ ಕೈ ಸೋಲುವಷ್ಟು ಭಾರದ ಅಯಸ್ಕಾಂತ. ದಿನವೂ ಗಾಡಿಗಟ್ಟಲೆ ಕಾಗದ ನೋಡುವ ನನಗೆ ಕಾಗದವೂ ಹಾಡುತ್ತದೆ ಎಂಬುದೇ ಬೆರಗು. ಜೊತೆಗೆ ಒಂದು ಇಂಗ್ಲಿಷ್ ಮಾಸಪತ್ರಿಕೆಯನ್ನೂ ಕೊಟ್ಟಿದ್ದರು. ಪುಸ್ತಕದ ಕಪಾಟಿನಲ್ಲಿ ಕೂರುವಂಥ ಸಣ್ಣ ಪೆಟ್ಟಿಗೆಯಿಂದ ಗವಾಯಿಯನ್ನೇ ಮನೆಗೆ ಕರೆತರಬಹುದೆಂದು ಅದರಲ್ಲಿತ್ತು. ಚಿತ್ರ ನೋಡಿದೆ, ಅಳತೆ ಬರೆದುಕೊಂಡೆ. ಮರದ ವಿಷಯ ಬಂದಲ್ಲಿ ಮಾತ್ರ ಓದದೆ ಪುಟ ತಿರುವಿದೆ. ದಾಂಡೇಲಿಯವನಿಗೆ ಮರದ ಬಗ್ಗೆ ಪರದೇಶದವರು ಏನು ಹೇಳಿಯಾರು?

ನಮ್ಮ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುತ್ತಾರೆ. ಖಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಪೊಳ್ಳು. ಈ ಕೆಲಸದಲ್ಲಿ ಹಳಿಯಾಳ ಕಡೆಯ ಬಸ್ತ್ಯಾಂವ ಸಿದ್ದಿಯ ಕಿವಿಯೇ ಕೊನೆಯ ತೀರ್ಪು. ಅವನನ್ನು ಕಾಡಿ ಬೇಡಿ, ಗಂಟೆಯಂತೆ ಖಣಗುಡುವ ತೆಳ್ಳನೆಯ ಸಾಗವಾನಿ ಹಲಗೆಗಳನ್ನು ಆರಿಸಿ ತಂದೆ. ಬಡಿಗೇರರು ಒಂದೇ ಒಂದು ಮೊಳೆ ಕಾಣದಂತೆ ಪೆಟ್ಟಿಗೆ ಮಾಡಿ, ಮುಖ ನೋಡಿಕೊಳ್ಳುವಷ್ಟು ಪಾಲಿಶ್ ಹೊಡೆದರು. ಕಪಾಟಿನ ಪುಸ್ತಕ ಇಳಿಸಿ ಅದನ್ನು ಕೂರಿಸಿ, ರೇಡಿಯೋಕ್ಕೆ ತಂತಿ ಕೊಟ್ಟೆ. ವಾರ್ತೆ ಓದುವವರು ಬಾವಿಗೆ ಇಳಿದು ಓದತೊಡಗಿದರು. ಕೆಲವು ಸ್ವರ ಬಂದಾಗಲಂತೂ ಇಡೀ ಪೆಟ್ಟಿಗೆ ಗುಂಯ್ ಎಂದು ಮೈಮೇಲೆ ಬಂದವರಂತೆ ನಡುಗುತ್ತಿತ್ತು. ಮೊದಲಿನ ನೊಣವೇ ವಾಸಿಯಿತ್ತು ಎಂದಳು ನೀಲವ್ವ.

ಬಸ್ತ್ಯಾಂವನನ್ನು ಕರೆತಂದೆ. ಅವನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ.

"ಸಾಹೇಬ್ರ, ನೀವು ಖಣ್ ಅನ್ನೂ ಕಟ್ಟಿಗಿ ಕೇಳಿದ್ರಿ, ಕೊಟ್ಟೆ. ಈಗ ಅದೂ ಹಾಡಾಕತ್ತೈತಿ. ಒಬ್ರು ಹಾಡೂ ಮುಂದ ಇನ್ನೊಬ್ರು ಬಾಯಿ ಹಾಕಿದ್ರ ಹೆಂಗರೀ?"

ಅವನು ಹೋದ ಮೇಲೆ ಗುಟ್ಟಾಗಿ ಪತ್ರಿಕೆಯ ಆ ಪುಟ ತೆರೆದೆ. ಲೌಡ್‌ಸ್ಪೀಕರಿನ ಪೆಟ್ಟಿಗೆಗೆ ಸ್ವಂತ ದನಿ ಇರಕೂಡದು, ಅದು ಬಡಿದರೂ ಸತ್ತಂತಿರಬೇಕು ಎಂದು ಮೊದಲ ಸಾಲಿನಲ್ಲೇ ಇತ್ತು. ಅಂದಿನಿಂದ ನನಗೆ ಬಡಿಯುವ ಹುಚ್ಚು ಹಿಡಿಯಿತು. ಬಾಗಿಲು, ಹಿಟ್ಟಿನ ಡಬ್ಬಿ, ಸಾಹೇಬರ ಮೇಜು, ಎಲ್ಲಕ್ಕೂ ಬೆರಳ ಗೆಣ್ಣಿನಿಂದ ಬಡಿದು ಕೇಳುವುದು. ಡಿಪೋದಲ್ಲಿ ಯಾರೂ ಮೂಸಿ ನೋಡದ, ದಬ್ ಎನ್ನುವ ಎರಡು ಬೆರಳು ದಪ್ಪದ ಹಲಗೆಗಳನ್ನು ನಾನು ಮುತ್ತಿನಂತೆ ಆರಿಸತೊಡಗಿದಾಗ ಬಡಿಗೇರರು ನನ್ನನ್ನು ಮರುಕದಿಂದ ನೋಡಿದರು. ಒಳಗೆ ಅಡ್ಡಪಟ್ಟಿ ಬಿಗಿಸಿದೆ, ಸಂದಿಗೆಲ್ಲ ಮೇಣ ತುಂಬಿದೆ. ಕಾಗದದ ಯಂತ್ರದಲ್ಲಿ ಸವೆದು ತೆಗೆದ ದಪ್ಪ ಉಣ್ಣೆಯ ಫೆಲ್ಟನ್ನು ನಮ್ಮ ಕ್ವಾರ್ಟರ್ಸಿನಲ್ಲಿ ಎಲ್ಲರೂ ಹಾಸಿಕೊಳ್ಳುತ್ತಿದ್ದರು. ನೀಲವ್ವ ತನ್ನ ಹಾಸಿಗೆಯನ್ನೇ ಕತ್ತರಿಸಿ ಕೊಟ್ಟಳು, ಅದನ್ನು ಪೆಟ್ಟಿಗೆಯ ಒಳಮೈಗೆ ಹೊದಿಸಿದೆ. ಎರಡನೆಯ ಪೆಟ್ಟಿಗೆ ನೋಡಲು ಕೋಳಿಗೂಡಿನಂತಿತ್ತು. ಆದರೆ ಬಡಿದರೆ ಕಲ್ಲು. ಅದರೊಳಗಿಂದ ಮನುಷ್ಯರ ದನಿ ಮನುಷ್ಯರ ದನಿಯಾಗಿಯೇ ಹೊರಬಂದಾಗ ನನಗೆ ನಿಜಕ್ಕೂ ಆನಂದವಾಯಿತು.

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಹೆಡ್‌ಕ್ಲಾರ್ಕು ದಂಪತಿ ಬಂದು ಕುಳಿತರು. ರೇಡಿಯೋದಲ್ಲಿ ಮಾವನವರ ಹೆಸರು ಹೇಳಿದರು, ಹಾಡು ಶುರುವಾಯಿತು. ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ, ಒಂದಿಷ್ಟೂ ನಡುಕವಿಲ್ಲ. ಹೆಡ್‌ಕ್ಲಾರ್ಕರಿಗೆ ಅಯಸ್ಕಾಂತದ ಗುಣ ವಿವರಿಸಿದೆ, ಫೆಲ್ಟಿನ ಗುಣ ವಿವರಿಸಿದೆ, ಕೆಳಗಿನ ಸ್ವರ ಬಂದಾಗಲೆಲ್ಲ ಬೆರಳು ಎತ್ತಿ ತೋರಿಸಿದೆ. ನೀಲವ್ವ ಎರಡು ಸಲ ನನ್ನ ಕಡೆ ನೋಡಿದಳು. ಕೊನೆಯ ಹಾಡಿಗೆ ಅವಳ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆ ಅಷ್ಟು ಚೆನ್ನಾಗಿ ಆಗಿದೆ ಎಂದುಕೊಂಡೆ.

ಸಂಜೆಯ ಬಸ್ಸಿಗೆ ಮಾವನವರು ಬಂದರು. ಚಹಾ ಕುಡಿದು, ಪೆಟ್ಟಿಗೆಯ ಎದುರು ಕುಳಿತು, ಮಗಳನ್ನು ಬಿಟ್ಟು ಮೊದಲು ನನ್ನನ್ನೇ ಕೇಳಿದರು, ಹೇಗೆ ಕೇಳಿಸಿತೆಂದು. ಇಷ್ಟು ವರ್ಷದ ಮೇಲೆ ಸಿಕ್ಕ ಮರ್ಯಾದೆ. ಹಲಗೆಯಿಂದ ಮೇಣದವರೆಗೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅದೆಲ್ಲಾ ಛಲೋ ಆತು ಅಳಿಯಂದ್ರ. ಕಡೀಕ ಹಾಡಿದ್ದು ನಮ್ಮ ನೀಲಾನ ಅವ್ವ ತೀರಿಕೊಳ್ಳೂ ಮುಂದ ಹಾಡಂತ ಕೇಳಿದ್ದು. ಅದು ನಿಮಗ ಹೆಂಗನಿಸ್ತು?"

ಎಷ್ಟು ತಡಕಿದರೂ ಆ ವಚನದ ಒಂದು ಪದವೂ ನನ್ನ ನೆನಪಿಗೆ ಬರಲಿಲ್ಲ. ನೀಲವ್ವನ ಮುಖ ನೋಡಿದೆ.

"ಪೆಟಗಿ ಸುಮ್ನ ಇತ್ತಪ್ಪ," ಎಂದಳು ಅವಳು. "ಇವರು ಸುಮ್ನಿರಲಿಲ್ಲ."

ನನಗೆ ನಾಚಿಕೆಯಾಯಿತು. ಮಾವನವರು ಬೇಸರಿಸಿಕೊಳ್ಳಲಿಲ್ಲ. ಗಂಟಲು ಸರಿಪಡಿಸಿಕೊಂಡು, ಕುಳಿತಲ್ಲೇ ಕಣ್ಣು ಮುಚ್ಚಿ ಆ ವಚನವನ್ನು ಮತ್ತೊಮ್ಮೆ ನನಗಾಗಿಯೇ ಹಾಡಿದರು. ನಾನು ಕೈಕಟ್ಟಿ, ತುಟಿ ಪಿಟ್ಟೆನ್ನದೆ ಪೂರ್ತಿ ಕೇಳಿದೆ. ಕೆಳಗಿನ ಸ್ವರಗಳು ಪೆಟ್ಟಿಗೆಯಲ್ಲೇ ಇನ್ನೂ ಚೆನ್ನಾಗಿ ಬರುತ್ತಿದ್ದವು ಎನ್ನಿಸಿತು. ಹೇಳಲಿಲ್ಲ.