ಹೆಗಲ ಮೇಲೊಂದು ಕೈ

ನನ್ನದೇ ಅನ್ನುವ ಪುಸ್ತಕ ಇದುವರೆಗೂ ಬಂದಿಲ್ಲ. ಆದರೆ 'ಶ್ರೀ ಜ್ಞಾನದೇವ ಅವರ ಕಥೆ, ಪ್ರಬಂಧ, ಕವನಗಳು ಹಲವು ಸಂಕಲನಗಳಲ್ಲಿ ಪ್ರಕಟವಾಗಿವೆ' ಎಂದು ಬರೆದರೆ ಯಾರೂ ಸುಳ್ಳೆನ್ನುವಂತಿಲ್ಲ. ಸ್ವಂತ ಗಾಡಿ ಇಲ್ಲದವನು ಬಸ್ಸಿನಲ್ಲಿ ಹೋಗುವುದಿಲ್ಲವೇ, ಹಾಗೆ. ಊರು ಮುಟ್ಟಿದರಾಯಿತು, ಸೀಟು ಸಿಕ್ಕಿತ್ತೋ, ಬಾಗಿಲಲ್ಲಿ ಜೋತಾಡುತ್ತ ಬಂದೆವೋ, ಇಳಿದ ಮೇಲೆ ಯಾರು ಕೇಳುತ್ತಾರೆ? ನಮ್ಮ ಮುಗಳಖೋಡದಲ್ಲಂತೂ ಯಾರೂ ಕೇಳಿಲ್ಲ.

ಓದಿದವರು ಕೇಳುತ್ತಿದ್ದುದೇ ಬೇರೆ. 'ಸರ್, ನಿಮ್ಮ ಹೆಗಲ ಮ್ಯಾಲಿನ ಆ ಕೈ ಯಾರದ್ರಿ?'

ಸಂಕಲನದವರು ಲೇಖಕರ ಭಾವಚಿತ್ರ ಕೇಳುತ್ತಾರೆ. ಮೊದಲ ಸಲ ಕೇಳಿದಾಗ ನಾನೊಬ್ಬನೇ ಇದ್ದ ಫೋಟೋ ನನ್ನ ಬಳಿ ಇರಲಿಲ್ಲ (ಸಂಸಾರಸ್ಥನ ಬಳಿ ಅದು ಹೇಗೆ ಇದ್ದೀತು?). ತಮ್ಮನ ಮಗ ಅಮೋಲನ ಮದುವೆಯಲ್ಲಿ ತಲೆಗೆ ಗುಲಾಬಿ ಫೇಟಾ ಸುತ್ತಿಸಿಕೊಂಡು ನಿಂತಾಗ ತೆಗೆದದ್ದೊಂದಿತ್ತು. ಪಕ್ಕದಲ್ಲಿ ಹೆಂಡತಿ ದ್ರೌಪದಿ. ಅವಳು ಆ ಹೊತ್ತಿನಲ್ಲಿ ನನ್ನ ಹೆಗಲ ಮೇಲೆ ಕೈ ಏಕಿಟ್ಟಳೋ ತಿಳಿಯದು. ಮಗಳು ಕೋಮಲ ಮೊಬೈಲಿನಲ್ಲಿ ತಾಯಿಯನ್ನು ಕತ್ತರಿಸಿ ತೆಗೆದಳು. ಕೈ ಮಾತ್ರ ಉಳಿಯಿತು. ಅದನ್ನೂ ತೆಗೆದರೆ ನನ್ನ ಒಂದು ಹೆಗಲೇ ಹೋಗುತ್ತಿತ್ತು.

'ಇರ್ಲಿ ಬಿಡ್ರಿ ಪಪ್ಪಾ, ಯಾರ್ ನೋಡ್ತಾರ?' ಎಂದಳು.

ಎಲ್ಲರೂ ಅದನ್ನೇ ನೋಡಿದರು. ಅದೇನು ಸಾಮಾನ್ಯ ಕೈಯೇ? ಕೈತುಂಬ ಹಸಿರು ಬಳೆ, ಮುಂಗೈ ಮೇಲೆ ಚೇಳಿನ ಹಚ್ಚೆ. ತವರೂರು ದಿಗ್ಗೇವಾಡಿಯಲ್ಲಿ ಹಚ್ಚೆ ಹಾಕಿಸಿಕೊಳ್ಳುವಾಗ, ಇನ್ನೂ ಪುಟ್ಟ ಹುಡುಗಿ, ಸೂಜಿಯ ನೋವು ತಾಳದೆ ಅರ್ಧಕ್ಕೇ ಎದ್ದು ಹೊಳೆಯ ಕಡೆ ಓಡಿದ್ದಳಂತೆ. ಚೇಳಿಗೆ ಕೊಂಡಿ ಬರಲೇ ಇಲ್ಲ. (ಆ ಕೊರತೆಯನ್ನು ಮುಂದೆ ನಾಲಿಗೆ ತುಂಬಿಕೊಟ್ಟಿತು. ಇದನ್ನು ಮೆಲ್ಲಗೆ ಬರೆಯುತ್ತಿದ್ದೇನೆ.)

ಹೀಗೆ ಸಂಕಲನ ಯಾವುದೇ ಇರಲಿ, ನಾನು, ನನ್ನ ಫೇಟಾ, ಹೆಗಲ ಮೇಲೊಂದು ಕೊಂಡಿಯಿಲ್ಲದ ಚೇಳು. ವಿರಹದ ಕವನದ ಪಕ್ಕದಲ್ಲೂ ಅದೇ. ಇಷ್ಟು ಗಟ್ಟಿಯಾಗಿ ಹಿಡಿದವರಿರುವಾಗ ಇವನಿಗೆಂಥ ವಿರಹ ಎಂದು ಓದುಗರು ಅಂದುಕೊಂಡರೆ ತಪ್ಪೇನು?

ಆದ್ದರಿಂದ ಅಥಣಿಯವರ ಹೊಸ ಸಂಕಲನಕ್ಕೆ ನನ್ನ ಪ್ರಬಂಧ ಆಯ್ಕೆಯಾದಾಗ ಒಂದು ಐತಿಹಾಸಿಕ ತೀರ್ಮಾನಕ್ಕೆ ಬಂದೆ.

'ದ್ರೌಪದಿ, ಈ ಸಲ ಹೊಸಾ ಫೋಟೋ ಕಳಸ್ತೀನಿ.'

'ಯಾಕ? ಇದ್ದದ್ದಕ್ಕ ಏನಾಗೈತಿ?'

'ಸಾಹಿತಿ ಅಂದ ಮ್ಯಾಲ ಸಾಹಿತಿಗತೆ ಕಾಣಬೇಕ. ಆ ಕೈ ಅಲ್ಲಿ ಚಂದ ಕಾಣೂದಿಲ್ಲ.'

ರೊಟ್ಟಿ ಬಡಿಯುವ ಸದ್ದು ನಿಂತಿತು. 'ರೊಟ್ಟಿ ಬಡಿಯೂವಾಗ ಚಂದ ಕಾಣತೈತಿ, ಹೌದಿಲ್ರಿ?'

'ಹಂಗಲ್ಲ ಬೇ...'

'ಹೋಗ್ರಿ. ತಗಸ್ಕೊಂಡ ಬರ್ರಿ.'

ಅಷ್ಟೇ. ಜಗಳವಾಡಿದ್ದರೆ ಗೆಲ್ಲಬಹುದಿತ್ತು (ಹಿಂದೆ ಗೆದ್ದ ದಾಖಲೆಯಿಲ್ಲ, ಆದರೂ).

ರಾಯಬಾಗದ ಸ್ಟುಡಿಯೋದ ಮಲಕಾರಿ ನನ್ನ ಕೈಯನ್ನೇ ನನ್ನ ಗದ್ದದ ಕೆಳಗೆ ಇಡಿಸಿ, ದೂರದ ಗೋಡೆಯನ್ನು ದಿಟ್ಟಿಸಲು ಹೇಳಿ, ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಸುಕ್ಕು, ನರೆ, ಕಣ್ಣಡಿಯ ಕಪ್ಪು ಎಲ್ಲವನ್ನೂ ತೊಳೆದು ಕೊಟ್ಟ. ಅಲ್ಲಿಂದಲೇ ಅಥಣಿಗೆ ಕಳಿಸಿಬಿಟ್ಟೆ. ಮನೆಗೆ ಬಂದು ತೋರಿಸಿದರೆ ಕೋಮಲ, 'ಯಾರ್ ಪಪ್ಪಾ ಇವ್ರು?' ಎಂದಳು.

ನಾಲ್ಕು ದಿನ ಕಳೆದು ಒಂದು ಸಂಜೆ ಪಕ್ಕದ ಮನೆಯ ಕೆಂಪವ್ವ ಕಟ್ಟೆಯ ಮೇಲೆ ಸಿಕ್ಕು ಹೇಳಿದ್ದು: ಸಂಕಲನ ಬಂದಾಗಲೆಲ್ಲ ದ್ರೌಪದಿ ಅದನ್ನು ಸೆರಗಿನಡಿ ಇಟ್ಟುಕೊಂಡು ಓಣಿ ತಿರುಗಿ, ನನ್ನ ಪುಟ ತೆಗೆದು, 'ಇದ ನನ್ನ ಕೈ' ಎಂದು ಮನೆಮನೆಗೂ ತೋರಿಸುತ್ತಿದ್ದಳಂತೆ. ನನ್ನ ಬರಹಕ್ಕೆ ಅಷ್ಟು ಪ್ರಚಾರ ಸ್ವತಃ ನಾನೂ ಮಾಡಿರಲಿಲ್ಲ. ಅಥಣಿಗೆ ಫೋನು ಹಚ್ಚಿದೆ. ಪುಟ ಅಚ್ಚಿಗೆ ಹೋಗಿಯಾಗಿತ್ತು.

ಬಿಡುಗಡೆಗೆ ಬಾ ಎಂದರೆ ದ್ರೌಪದಿ, 'ನಾ ಯಾಕ? ಈ ಪುಸ್ತಕದಾಗ ನಂದೇನ್ ಐತಿ?' ಎಂದಳು. ಕೋಮಲ ಹಟ ಹಿಡಿದು ಹೊರಡಿಸಿದಳು. ಬಸ್ಸಿನಲ್ಲಿ ದ್ರೌಪದಿ ಆ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ನಾನು ಕಿಟಕಿಯ ಹೊರಗಿನ ಕಬ್ಬು ನೋಡಿದೆ.

ಸಭಾಗೃಹದ ಬಾಗಿಲಲ್ಲಿ ಕಾಜಲ ಎಂಬ ಕಾಲೇಜು ಹುಡುಗಿ ಲೇಖಕರನ್ನು ಬರಮಾಡಿಕೊಳ್ಳುತ್ತಿದ್ದಳು.

'ನಾನು ಜ್ಞಾನದೇವ,' ಎಂದೆ, ಗಂಭೀರವಾಗಿ.

ಅವಳು ಪುಸ್ತಕ ತೆರೆದು ಚಿತ್ರ ನೋಡಿದಳು, ನನ್ನನ್ನು ನೋಡಿದಳು. 'ಅವ್ರ ತಂದಿಯವ್ರೇನ್ರಿ? ಪಾಲಕರು ಹಿಂದ ಕುಂದರ್ರಿ.'

ಕೋಮಲ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಸಂಪಾದಕರಾದ ಸಿದ್ದಲಿಂಗ ಅವರು ಬಂದವರಿಗೆಲ್ಲ ಗುಲಾಬಿ ಕೊಡುತ್ತ ಅಲ್ಲಿಗೆ ಬಂದರು. ಹಿಂದಿನ ಸಂಕಲನಗಳೂ ಅವರವೇ. ಆದರೆ ನಮ್ಮ ಪರಿಚಯವೆಲ್ಲ ಫೋನಿನಲ್ಲಿ. ನನಗೊಂದು ಹೂ ಕೊಟ್ಟು ಮುಂದೆ ಹೋದರು. ದ್ರೌಪದಿ ಸೆರಗಿನಿಂದ ಕೈ ಹೊರಗೆ ಚಾಚಿದಳು. ಅವರು ಅಲ್ಲೇ ನಿಂತರು.

'ಅವ್ವಾರ, ಈ ಚೇಳಿಗೆ ಕೊಂಡಿ ಇಲ್ಲಲ್ರಿ? ನೀವು ಜ್ಞಾನದೇವ ಅವರ ಮನಿಯವ್ರು ಹೌದಲ್ರಿ?'

'ಹೌದ್ರಿ,' ಎಂದಳು. 'ಈ ಕೈ ಮುಂದ ಒಬ್ರು ನಿಂತಿರ್ತಾರಲ್ರಿ, ಅವ್ರು ಇವ್ರ.'

ಸುದ್ದಿ ಹಬ್ಬಿತು. ಕವಿಗಳು, ಕಥೆಗಾರರು ಕೈ ನೋಡಲು ನೆರೆದರು. ಬಳೆ ಬದಲಾಗಿವೆ ಎಂದೂ ಒಬ್ಬರು ಗುರುತಿಸಿದರು. ಹೊಸ ಪುಸ್ತಕದಲ್ಲಿ ಈ ಕೈ ಏಕಿಲ್ಲ ಎಂದು ಒಬ್ಬ ಕವಯಿತ್ರಿ ನನ್ನನ್ನೇ ಗದರಿಸಿದರು. ನನ್ನ ಪ್ರಬಂಧದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ವೇದಿಕೆಯ ಮೇಲೆ ದಂಪತಿಗಳ ಸತ್ಕಾರ. ಕುರ್ಚಿ ಸಾಲದೆ ಜೋಡಿಗೊಂದು ಹಾಕಿದ್ದರು. ದ್ರೌಪದಿಯನ್ನು ಕೂರಿಸಿ ಶಾಲು ಹೊದಿಸಿದರು, ಉಡಿಯಲ್ಲಿ ತೆಂಗಿನಕಾಯಿ ಇಟ್ಟರು. ನಾನು ಬದಿಗೆ ಸರಿಯಲು ಹೋದರೆ, ಪಿಸುದನಿಯಲ್ಲಿ, 'ಎಲ್ಲಿ ಹೊಂಟ್ರಿ? ಇಷ್ಟ ಮಂದಿ ನೋಡಿ ಕೈಕಾಲು ನಡಗಾಕತ್ತಾವ. ಇಲ್ಲೇ ನಿಂದರ್ರಿ,' ಎಂದಳು.

ಹಿಂದೆ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟೆ.

'ಅಮೋಲನ ಮದವ್ಯಾಗ ನಾನೂ ಹಿಂಗ ಇಟ್ಟಿದ್ದೆ,' ಎಂದಳು, ಮುಂದೆಯೇ ನೋಡುತ್ತ. 'ಫೋಟೋದಾಂವ ಲೈಟ್ ಹಚ್ಚಿದಾಗ ನೀವು ನಡಗಾಕತ್ತಿದ್ರಿ. ಗೊತ್ತಾಗಲಿಲ್ಲೇನು?'

ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಫೋಟೋ ತೆಗೆದರು.

ಮರುದಿನ ಪತ್ರಿಕೆಯಲ್ಲಿ ಅದು ಬಂತು. ಶಾಲು ಹೊದ್ದ ದ್ರೌಪದಿ, ತೆಂಗಿನಕಾಯಿ, ಮುಂಗೈಯ ಚೇಳು, ಎಲ್ಲ ಸ್ಪಷ್ಟ. ಜಾಗ ಸಾಲದೆ ನನ್ನನ್ನು ಕತ್ತರಿಸಿದ್ದರು. ಅವಳ ಹೆಗಲ ಮೇಲೆ ನನ್ನ ಕೈಯೊಂದು ಉಳಿದಿತ್ತು.

ಕೆಂಪವ್ವ ಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು. 'ಏ ದ್ರೌಪದಿ, ಇದ್ಯಾರ ಕೈ ಬೇ? ಚಂದ ಕಾಣೂದಿಲ್ಲ ನೋಡ, ತಗಸಬೇಕಿತ್ತ.'

'ಇರ್ಲಿ ಬಿಡ ಅಕ್ಕಾ,' ಎಂದಳು ದ್ರೌಪದಿ, ರೊಟ್ಟಿ ಬಡಿಯುತ್ತ. 'ಅದರ ಪಾಡಿಗೆ ಅದು ಐತಿ. ನಾ ಬಿಟ್ಟರ, ಪಾಪ, ಅದಾದ್ರೂ ಎಲ್ಲಿಗೆ ಹೋಗಬೇಕ?'