ಅಡ್ಮಿಟೆಡ್ಲಿ, ಚಿಲಕ ಸರಿಯಿಲ್ಲ

ನನ್ನ ಗಂಡ ಮುಬಶಿರ್ ಸಾಹೇಬರಿಗೆ ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ. ಕಮ್ಮರಡಿಯಿಂದ ಬಸರೀಕಟ್ಟೆವರೆಗೆ ಯಾರ ಮನೆ ಬಾಗಿಲು ಕೈಕೊಟ್ಟರೂ ಚಿಲಕ ಹೋಗುವುದು ಇವರಲ್ಲಿಂದಲೇ. ನಮ್ಮ ಬಾತ್‌ರೂಮಿನ ಚಿಲಕ ಮಾತ್ರ ಒಳಗಿನಿಂದ ಹಾಕಿದರೆ ತೆಗೆಯಲು ಬರುವುದಿಲ್ಲ. ಹೇಳಿದರೆ, "ಚಿಲಕ ಸರಿಯಾಗೇ ಇದೆ, ನಿಂಗೆ ತೆಗೆಯೋಕೆ ಬರಲ್ಲ" ಎಂಬ ತೀರ್ಪು. "ಹೌದು ಆಸಿಫಾ, ನೀನು ಹೇಳಿದ್ದೇ ಸರಿ" ಎಂದು ಈ ಮಹಾನುಭಾವರು ನುಡಿದ ಚರಿತ್ರೆಯೇ ಇಲ್ಲ. (ನಿಕಾಹ್ ದಿನ "ಕಬೂಲ್" ಎಂದು ಒಪ್ಪಿದ್ದೇ ಕೊನೆ.)

ನಾನು ಮನೆಯಲ್ಲೇ ಕೂತು ಬಿ.ಎ. ಓದುತ್ತಿದ್ದೇನೆ. ಇಂಗ್ಲಿಷಿನಲ್ಲಿ ಒಂದು ಪಾಠ: ಎದುರಾಳಿಯ ಮಾತನ್ನು ಒಪ್ಪಿಕೊಂಡು ಬರೆಯುವುದು ಹೇಗೆ? ಮೊದಲು "ಅಡ್ಮಿಟೆಡ್ಲಿ" ಎಂದು ಗಂಭೀರವಾಗಿ ಒಪ್ಪಬೇಕು. ಆಮೇಲೆ "ಹೌಎವರ್" ಎಂದು ನಮ್ಮ ವಾದ ಹೂಡಬೇಕು. ಸೋತರೂ ಶರ್ಟಿನ ಇಸ್ತ್ರಿ ಕೆಡುವುದಿಲ್ಲ. ಕನ್ನಡದಲ್ಲಿ ಒಪ್ಪಿಕೊಳ್ಳಲು ಗಂಟಲು ಕಟ್ಟುವ ನನ್ನ ಪತಿರಾಯರಿಗೆ ಇದೇ ಮದ್ದು ಎಂದುಕೊಂಡು ಪಾಠ ಮಾಡಿದೆ. ಶಿಷ್ಯರು ಅದೆಷ್ಟು ಚುರುಕು ಅಂತೀರಿ!

"ರೀ, ಚಿಲಕ ರಿಪೇರಿ ಮಾಡ್ತೀರೋ ಇಲ್ವೋ?"

"ಪಾಯಿಂಟ್ ಟೇಕನ್."

ಪಾಯಿಂಟ್ ತಗೊಂಡರು, ಸ್ಕ್ರೂಡ್ರೈವರ್ ತಗೊಳ್ಳಲಿಲ್ಲ.

"ಕೆಟ್ಟೇ ಇಲ್ಲ ಅಂತಿದ್ರಲ್ಲ, ಈಗೇನಂತೀರಿ?"

"ಐ ಸ್ಟ್ಯಾಂಡ್ ಕರೆಕ್ಟೆಡ್" ಎಂದು ತಪ್ಪೊಪ್ಪಿಕೊಂಡರು, ಸೋಫಾದ ಮೇಲೆ ಮಲಗಿದ್ದ ಹಾಗೇ.

ಮುಂಚೆ ಜಗಳಕ್ಕಾದರೂ ಎದ್ದು ಕೂರುತ್ತಿದ್ದರು. ಒಪ್ಪಿಕೊಳ್ಳುವವರ ಜೊತೆ ಜಗಳವಾಡುವುದು ಹೇಗೆ ಮಾರಾಯ್ರೆ?

ಅಷ್ಟರಲ್ಲಿ ನನ್ನ ತಂಗಿ ಫರಹತ್‌ಳನ್ನು ನೋಡಲು ಎನ್.ಆರ್. ಪುರದಿಂದ ಗಂಡಿನ ಕಡೆಯವರು ನಮ್ಮ ಮನೆಗೆ ಬಂದರು. ಹುಡುಗ ನೌಶಾದ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಫರಹತ್‌ಗೆ ಅವನು ಫೋಟೋದಲ್ಲೇ ಹಿಡಿಸಿದ್ದ. ಹುಡುಗನ ತಾಯಿ ಜಮೀಲಾ ಆಂಟಿ ಚಹಾ ಕುಡಿದು, ಬಾತ್‌ರೂಮ್ ಎಲ್ಲಿ ಎಂದರು. ಮೊದಲ ಸಲ ಬಂದ ಬೀಗರಿಗೆ, ಅದೂ ಹಾರ್ಡ್‌ವೇರ್ ಅಂಗಡಿಯವರ ಮನೆಯಲ್ಲಿ, "ಚಿಲಕ ಹಾಕಬೇಡಿ" ಅಂತ ಹೇಳುವುದು ಹೇಗೆ? ಬಾಗಿಲ ಹೊರಗೆ ನಾನೇ ಕಾವಲು ನಿಂತು, ಅವರು ಚಿಲಕ ಹಾಕುವ ಮುಂಚೆ "ಬಾಗಿಲು ಮುಚ್ಚಿಕೊಂಡ್ರೆ ಸಾಕು, ನಾನಿದ್ದೇನೆ" ಎಂದು ಮೆಲ್ಲಗೆ ಹೇಳೋಣ ಎಂದುಕೊಂಡೆ. ಅಡುಗೆಮನೆಯಿಂದ ಸಮೋಸ ಸೀದ ವಾಸನೆ ಬಂತು. ಓಡಿದೆ.

ತಿರುಗಿ ಬರುವಷ್ಟರಲ್ಲಿ ಒಳಗಿನಿಂದ ಬಾಗಿಲು ಬಡಿಯುವ ಸದ್ದು. "ಯಾರಾದ್ರೂ ಇದ್ದೀರೇನಮ್ಮಾ?" ಫರಹತ್ ಅಳುವುದೊಂದು ಬಾಕಿ. ಆಗ ನೋಡಿ, ನಮ್ಮ ಸಾಹೇಬರು ಸೋಫಾದಿಂದೆದ್ದರು! ಕೀಲಿನ ಸ್ಕ್ರೂ ಬಿಚ್ಚಿ, ಬಾಗಿಲನ್ನೇ ಕಳಚಿ ಗೋಡೆಗೊರಗಿಸಿ, ಬೆವರಿಳಿಯುತ್ತಿದ್ದ ಆಂಟಿಯನ್ನು ಕೈಹಿಡಿದು ಹೊರತಂದರು. ಆಂಟಿ ಸೀದಾ ಹೋಗಿ ಕಾರು ಹತ್ತಿದರು.

ಸಂಬಂಧ ಮುರಿಯಿತೆಂದೇ ತಿಳಿದೆವು. ಫರಹತ್ ದಿಂಬಿಗೆ ಮುಖ ಒತ್ತಿ ಬಿದ್ದುಕೊಂಡಳು. ಸಾಹೇಬರು ಮಾತ್ರ ಮೊಬೈಲಿನಲ್ಲಿ ಇಂಗ್ಲಿಷ್ ಕುಟ್ಟುತ್ತಿದ್ದರು. ನೌಶಾದ್‌ನ ಮನೆಯವರಿಗೆ ಕಳಿಸಿದ ಮೇಲೆ ನನಗೂ ತೋರಿಸಿದರು. ಸಾರಾಂಶ ಇಷ್ಟು: "ಅಡ್ಮಿಟೆಡ್ಲಿ, ನಮ್ಮ ಮನೆಯ ಚಿಲಕ ಕೆಟ್ಟಿತ್ತು. ತಪ್ಪು ನಮ್ಮದೇ. ಹೌಎವರ್, ಅದು ಕೆಟ್ಟಿರುವುದು ನನ್ನ ಪತ್ನಿಗೆ ಬಹಳ ದಿನದಿಂದ ತಿಳಿದಿತ್ತು."

"ಎಂತ ಬರೆದಿದ್ದೀರಿ ಇದು!"

"ನೀನೇ ಕಲಿಸಿದ್ದಲ್ವಾ ಮಾರಾಯ್ತಿ? ಸುಳ್ಳೇನಾದ್ರೂ ಇದೆಯಾ?"

ಇರಲಿಲ್ಲ. ಅದೇ ಸಂಕಟ.

ಮರುದಿನ ಜಮೀಲಾ ಆಂಟಿಯ ಫೋನು ಬಂತು. ಇಷ್ಟು ಚಂದವಾಗಿ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ತಾನು ನೋಡೇ ಇಲ್ಲ ಎಂದು ನೌಶಾದ್ ಹೇಳಿದನಂತೆ. ಸಂಬಂಧ ಒಪ್ಪಿಗೆ. ಫರಹತ್ ನನ್ನನ್ನು ಬಿಟ್ಟು ಭಾವನ ಕೈಹಿಡಿದು ಕುಣಿದಳು. ಮದುವೆಯ ಮಾತುಕತೆ, ಛತ್ರ, ಊಟ ಎಲ್ಲ ಮುಬಶಿರ್ ಅವರೇ ನೋಡಿಕೊಳ್ಳಲಿ ಎಂದು ಆಂಟಿಯ ಅಪ್ಪಣೆಯೂ ಆಯಿತು.

"ನಾನೆಂತ ಮಾಡ್ಲಿ ಆಂಟಿ?" ಎಂದೆ.

"ನೀನು ಬಾತ್‌ರೂಮ್ ಹತ್ರ ನಿಂತುಕೋ ಮಗಾ. ಒಳಗೆ ಹೋದವರೆಲ್ಲ ಹೊರಗೆ ಬಂದ್ರಾ ಅಂತ ನೋಡ್ತಿರು."

ತಂಗಿಯ ನಿಕಾಹ್ ನಡೆಯುವಾಗ, ಹೊಸ ರೇಷ್ಮೆ ಸೀರೆಯುಟ್ಟ ನಾನು ಛತ್ರದ ಹಿಂಭಾಗದಲ್ಲಿ, ಬಾತ್‌ರೂಮುಗಳ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಯಾರೋ ಅಜ್ಜಿ ನನ್ನನ್ನು ಕ್ಲೀನಿಂಗಿನವಳೆಂದುಕೊಂಡು ಕೈಗೆ ಹತ್ತು ರೂಪಾಯಿ ತುರುಕಿ ಹೋದರು.